ಚಂದ್ರೋದಯದ ಒಂದು ಛಾಯಾಚಿತ್ರವೂ ವಾರ್ತೆ–ಕಾವ್ಯಗಳ ವಿಚಾರವೂ

ಸೂರ್ಯನು ಅಸ್ತಂಗತನಾದುದನ್ನೂ, ಚಂದ್ರನು ಹೊಳೆಯುತ್ತಿರುವುದನ್ನೂ, ಪಕ್ಷಿಗಳು ಗೂಡಿಗೆ ಮರಳುತ್ತಿರುವುದನ್ನೂ ತಿಳಿಸುವ ಒಂದು ಸಣ್ಣ ವಾಕ್ಯವು ಅಲಂಕಾರಶಾಸ್ತ್ರದ ಚರಿತ್ರೆಯಲ್ಲಿ ತನ್ನ ಗಾತ್ರಕ್ಕೆ ಮೀರಿದ ವಿವಾದವನ್ನು ಹುಟ್ಟಿಸಿದುದು ವಿದ್ವಾಂಸರಿಗೆ ತಿಳಿದ ವಿಷಯವೇ ಆಗಿದೆ. ಭಾಮಹನು ಕಾವ್ಯಾಲಂಕಾರದ ಎರಡನೆಯ ಪರಿಚ್ಛೇದದಲ್ಲಿ ಅದನ್ನೆತ್ತಿಕೊಂಡು, ಇಂಥದನ್ನು ಕಾವ್ಯವೆಂದು ಹೇಗೆ ಹೇಳುವುದು, ಇದು ಬರಿಯ ವಾರ್ತೆಯಲ್ಲವೆ, ಎಂದು ತಳ್ಳಿಹಾಕಿದನು. ದಂಡಿಯು ಅದೇ ವಾಕ್ಯವನ್ನು ಕಾವ್ಯಾದರ್ಶದಲ್ಲಿ ಹೇತ್ವಲಂಕಾರದ ಸಂದರ್ಭಕ್ಕೆ ತಂದು, ಕಾಲದ ಅವಸ್ಥೆಯನ್ನು ಅರುಹುವ ಕೆಲಸದಲ್ಲಿ ಅದೂ ಸಾಧುವೆಂದು ಎತ್ತಿಹಿಡಿದನು. ಇವರಿಬ್ಬರಲ್ಲಿ ಯಾರು ಮೊದಲಿನವರು, ಯಾರು ಯಾರಿಗೆ ಉತ್ತರ ಹೇಳಿದರು ಎಂಬ ಹಳೆಯ ಜಗಳವನ್ನು ನಾನಿಲ್ಲಿ ಕೆದಕುವುದಿಲ್ಲ. ಮುಂದೆ ಮಮ್ಮಟನು ಸೂರ್ಯಾಸ್ತವನ್ನು ಹೇಳುವ ಆ ಮೊದಲ ತುಣುಕೊಂದನ್ನೇ ಹಿಡಿದು, ಹೇಳುವವರು ಕೇಳುವವರು ಬದಲಾದಂತೆಲ್ಲ ಅದರಿಂದ ಬೇರೆಬೇರೆ ಅರ್ಥಗಳು ಹೊಮ್ಮುವುದನ್ನು ತೋರಿಸಿ, ವ್ಯಂಗ್ಯವು ವಾಚ್ಯಕ್ಕಿಂತ ಭಿನ್ನವೆಂಬುದಕ್ಕೆ ಅದನ್ನು ಸಾಧನವಾಗಿ ಮಾಡಿಕೊಂಡನು. ಹೀಗೆ ಒಬ್ಬನು ಕಸವೆಂದು ಎಸೆದುದು ಇನ್ನೊಬ್ಬನಿಗೆ ಅಲಂಕಾರವಾಗಿ, ಮತ್ತೊಬ್ಬನಿಗೆ ಧ್ವನಿಯ ಪ್ರಮಾಣವಾಗಿ ಪರಿಣಮಿಸಿತು.

ಈ ವಿವಾದವು ತೀರಿಹೋದುದೆಂದೇ ನಮ್ಮ ತರಗತಿಗಳಲ್ಲಿ ಪಾಠ ನಡೆಯುತ್ತಿದೆ. ಸ್ವಭಾವೋಕ್ತಿಯೆಂದರೆ ಪರೀಕ್ಷೆಗೆ ಒಂದು ಲಕ್ಷಣ, ಒಂದು ಲಕ್ಷ್ಯ; ಹೇತುವೆಂದರೆ ಅದೂ ಇಲ್ಲ. ಕವಿರಾಜಮಾರ್ಗದ ಅಲಂಕಾರಭಾಗವು ದಂಡಿಯನ್ನು ಬಹುಮಟ್ಟಿಗೆ ಅನುಸರಿಸಿರುವುದರಿಂದ, ಭಾಮಹ–ದಂಡಿಗಳ ಈ ಭೇದವು ಕನ್ನಡದ ಕಾವ್ಯವಿಚಾರದ ಬುಡದಲ್ಲಿಯೇ ಸೇರಿಕೊಂಡಿದೆಯೆಂಬುದನ್ನು ಅಧ್ಯಾಪಕರು ಮರೆಯಬಾರದು. ಅದನ್ನು ಹೊಸದೊಂದು ಉದಾಹರಣೆಯ ಮೇಲಿಟ್ಟು ಒರೆಹಚ್ಚುವುದು ಈ ಲೇಖನದ ಉದ್ದೇಶ. ಆ ಉದಾಹರಣೆಯು ಪದ್ಯವಲ್ಲ, ಛಾಯಾಚಿತ್ರ. ಸಾಹಿತ್ಯಸಂಶೋಧನೆಯ ಪತ್ರಿಕೆಯಲ್ಲಿ ಛಾಯಾಚಿತ್ರದ ಮಾತೇಕೆಂದು ಕೇಳುವವರು ವಿಷ್ಣುಧರ್ಮೋತ್ತರದ ಚಿತ್ರಸೂತ್ರವನ್ನು ನೆನೆಯಬೇಕು. ನೃತ್ತವನ್ನು ಅರಿಯದವನಿಗೆ ಚಿತ್ರದ ಅರಿವು ಸಾಧ್ಯವಿಲ್ಲವೆಂದು ಮಾರ್ಕಂಡೇಯನು ವಜ್ರರಾಜನಿಗೆ ಹೇಳಿದುದು ಅಲ್ಲಿಯೇ. ಕಲೆಗಳ ನಡುವಣ ಬೇಲಿ ನಮ್ಮ ಹಿರಿಯರು ಹಾಕಿದುದಲ್ಲ.

ನಾನು ಹೇಳುವ ಚಿತ್ರವನ್ನು ತೆಗೆದವರು ಅಮೆರಿಕದ ಸಂಯುಕ್ತ ಸಂಸ್ಥಾನಗಳ ಆನ್ಸೆಲ್ ಆಡಮ್ಸ್ ಮಹಾಶಯರು (1902–1984). ಅದರ ಹೆಸರು ‘ಚಂದ್ರೋದಯ, ಹರ್ನಾಂಡೆಜ್, ನ್ಯೂ ಮೆಕ್ಸಿಕೊ’. ಹರ್ನಾಂಡೆಜ್ ಎಂಬುದು ನ್ಯೂ ಮೆಕ್ಸಿಕೊ ಸಂಸ್ಥಾನದಲ್ಲಿ, ಸಾಂತಾ ಫೆ ನಗರಕ್ಕೆ ಉತ್ತರದಲ್ಲಿ, ಚಾಮಾ ನದಿಯ ಕಣಿವೆಯಲ್ಲಿರುವ ಒಂದು ಸಣ್ಣ ಹಳ್ಳಿ. ಚಿತ್ರದಲ್ಲಿ ಕಾಣುವುದಿಷ್ಟು: ಕೆಳಗೆ ಕುರುಚಲು ಗಿಡಗಳ ಬಯಲು, ಅದರಾಚೆ ಹಸಿ ಇಟ್ಟಿಗೆಯ ಕೆಲವು ಮನೆಗಳು, ಒಂದು ಇಗರ್ಜಿ, ಇಗರ್ಜಿಯ ಬಳಿಯ ಸ್ಮಶಾನದಲ್ಲಿ ಬೆಳ್ಳಗೆ ಹೊಳೆಯುವ ಶಿಲುಬೆಗಳು, ಅವುಗಳ ಹಿಂದೆ ದೂರದಲ್ಲಿ ಹಿಮ ಹೊತ್ತ ಬೆಟ್ಟಗಳು, ಬೆಟ್ಟಗಳ ಮೇಲೆ ಅಡ್ಡಲಾಗಿ ಹಬ್ಬಿದ ಬಿಳಿಯ ಮೋಡಗಳ ಪಟ್ಟಿ. ಅಲ್ಲಿಂದ ಮೇಲೆ, ಚಿತ್ರದ ಅರ್ಧಕ್ಕಿಂತ ಹೆಚ್ಚು ಭಾಗ, ಆಕಾಶ. ಆ ಆಕಾಶದಲ್ಲಿ ಹುಣ್ಣಿಮೆಗೆ ಇನ್ನೂ ತುಸು ಕೊರೆಯಿರುವ ಸಣ್ಣದೊಂದು ಚಂದ್ರ. ಮನುಷ್ಯರೊಬ್ಬರೂ ಇಲ್ಲ. ಭಾಮಹನು ಹಳಿದ ವಾಕ್ಯದೊಡನೆ ಹೋಲಿಸಿದರೆ ಹಕ್ಕಿಗಳೊಂದೇ ಕಡಮೆ. ಒಂದು ಸೆಕೆಂಡಿನವರೆಗೆ ತೆರೆದ ಲೆನ್ಸಿನ ಮುಂದೆ ಹಕ್ಕಿ ಹಾರಿದ್ದರೂ ಅದರ ಗುರುತು ಫಿಲ್ಮಿನ ಮೇಲೆ ನಿಲ್ಲುತ್ತಿರಲಿಲ್ಲ.

ಇದನ್ನು ತೆಗೆದ ಬಗೆಯನ್ನು ಆಡಮ್ಸರು ತಾವೇ ಹಲವು ಸಲ ಬರೆದಿರುವರು. 1941ರ ಶರತ್ಕಾಲದಲ್ಲಿ ಅಮೆರಿಕದ ಒಳನಾಡಿನ ಇಲಾಖೆಗಾಗಿ ಚಿತ್ರಗಳನ್ನು ತೆಗೆಯುತ್ತ ಸಂಚರಿಸುತ್ತಿದ್ದಾಗ, ಮಗನೊಡನೆಯೂ ಮಿತ್ರರೊಬ್ಬರೊಡನೆಯೂ ಚಾಮಾ ಕಣಿವೆಯಿಂದ ಸಾಂತಾ ಫೆಗೆ ಹಿಂದಿರುಗುವ ದಾರಿಯಲ್ಲಿ ಈ ನೋಟವು ಅವರ ಕಣ್ಣಿಗೆ ಬಿದ್ದಿತು. ಬಂಡಿಯನ್ನು ರಸ್ತೆಯ ಬದಿಗೆ ನಿಲ್ಲಿಸಿ, ಎಂಟು ಅಂಗುಲ ಅಗಲ ಹತ್ತು ಅಂಗುಲ ಉದ್ದದ ಫಿಲ್ಮನ್ನು ಹಿಡಿಸುವ ದೊಡ್ಡ ಕ್ಯಾಮೆರಾವನ್ನು ಇಳಿಸಿ, ಮುಕ್ಕಾಲಿಯ ಮೇಲೆ ನಿಲ್ಲಿಸಿ, ಕುಕ್ ಲೆನ್ಸಿನ 23 ಅಂಗುಲದ ಭಾಗವನ್ನು ಜೋಡಿಸಿ, ಗಾಢವಾದ ಹಳದಿಯ ಫಿಲ್ಟರನ್ನು ಇರಿಸುವಷ್ಟರಲ್ಲಿ ಸೂರ್ಯನು ಹಿಂದಣ ಮೋಡಗಳ ಅಂಚಿಗೆ ಇಳಿಯುತ್ತಿದ್ದನು. ಬೆಳಕನ್ನು ಅಳೆಯುವ ಮೀಟರು ಹುಡುಕಿದರೂ ಸಿಕ್ಕಲಿಲ್ಲ. ಆಗ ಅವರಿಗೆ ಚಂದ್ರಬಿಂಬದ ಹೊಳಪು ಚದರ ಅಡಿಗೆ 250 ಕ್ಯಾಂಡಲ್ ಎಂಬ ಲೆಕ್ಕವು ನೆನಪಿಗೆ ಬಂದಿತು. ಅದರಿಂದ ಬೇಕಾದ ಅವಧಿಯನ್ನು ಮನಸ್ಸಿನಲ್ಲಿಯೇ ಗುಣಿಸಿ, ಎಫ್-32ರ ದ್ವಾರದಲ್ಲಿ ಒಂದು ಸೆಕೆಂಡಿನ ಕಾಲ ಲೆನ್ಸನ್ನು ತೆರೆದರು. ಎಚ್ಚರಿಕೆಗೆಂದು ಇನ್ನೊಂದನ್ನು ತೆಗೆಯಲು ಫಿಲ್ಮಿನ ಚೌಕಟ್ಟನ್ನು ತಿರುವಿ ಹಾಕುವಷ್ಟರಲ್ಲಿ ಶಿಲುಬೆಗಳ ಮೇಲಿನ ಬೆಳಕು ಆರಿಹೋಗಿತ್ತು.

ಕಥೆಯು ಸೊಗಸಾಗಿದೆ, ಸೊಗಸಾಗಿರುವುದರಿಂದಲೇ ಅದರ ವಿಷಯದಲ್ಲಿ ವಿಮರ್ಶಕನು ಎಚ್ಚರದಿಂದಿರಬೇಕು. ಕಾಳಿದಾಸನ ನಾಲಗೆಯ ಮೇಲೆ ಕಾಳಿಯು ಬರೆದಳೆಂಬ ಕಥೆಯು ಕಾವ್ಯವನ್ನು ಓದದವರಿಗೆ ಹೇಗೆ ಓದಿದ ತೃಪ್ತಿಯನ್ನು ಕೊಡುವುದೊ, ಹಾಗೆ ಕಾಣೆಯಾದ ಮೀಟರಿನ ಕಥೆಯೂ ಚಿತ್ರವನ್ನು ನೋಡದವರಿಗೆ ನೋಡಿದ ತೃಪ್ತಿಯನ್ನು ಕೊಟ್ಟುಬಿಡುತ್ತದೆ. ಆದರೆ ಇದರೊಳಗೆ ಒಂದು ಶಾಸ್ತ್ರಾಂಶವಿದೆ, ಅದನ್ನು ಬಿಡುವಂತಿಲ್ಲ.

ಯಂತ್ರವು ಇದ್ದುದನ್ನು ಇದ್ದಂತೆ ಹಿಡಿಯುವುದು, ಅದರಲ್ಲಿ ಕರ್ತೃವಿನ ವ್ಯಾಪಾರವೇನಿದೆ, ಆದುದರಿಂದ ಛಾಯಾಚಿತ್ರವು ಸ್ವರೂಪತಃ ವಾರ್ತೆಯೇ, ಎಂಬುದು ಪೂರ್ವಪಕ್ಷ. ಇದಕ್ಕೆ ಉತ್ತರವನ್ನು ಆ ಲೆಕ್ಕದಲ್ಲಿಯೇ ಹುಡುಕಬೇಕು. ಆಡಮ್ಸರು ಫ್ರೆಡ್ ಆರ್ಚರ್ ಎಂಬವರೊಡನೆ ಸೇರಿ ಆಗಷ್ಟೆ ರೂಪಿಸಿದ್ದ ಪದ್ಧತಿಯಲ್ಲಿ, ದೃಶ್ಯದ ಹೊಳಪುಗಳನ್ನು ಕಡುಗಪ್ಪಿನಿಂದ ಶುದ್ಧ ಬಿಳುಪಿನವರೆಗೆ 0 ಮೊದಲ್ಗೊಂಡು 10ರವರೆಗಿನ ಮೆಟ್ಟಿಲುಗಳಲ್ಲಿ ಇರಿಸಿಕೊಳ್ಳುವರು. ಒಂದೊಂದು ಮೆಟ್ಟಿಲಿಗೆ ಹೊಳಪು ಇಮ್ಮಡಿಯಾಗುತ್ತದೆ. ಚಂದ್ರನನ್ನು ಏಳನೆಯ ಮೆಟ್ಟಿಲಿನಲ್ಲಿ ಕೂರಿಸಿದರೆ, 250ನ್ನು ಎರಡು ಸಲ ಅರ್ಧಿಸಿ, ನಡುವಣ ಐದನೆಯ ಮೆಟ್ಟಿಲಿಗೆ ಸುಮಾರು 60 ಬರುವುದು. 64 ಎಂಬ ವೇಗಸಂಖ್ಯೆಯ ಆ ಫಿಲ್ಮಿಗೆ ಎಫ್-8ರ ದ್ವಾರದಲ್ಲಿ ಸೆಕೆಂಡಿನ ಅರುವತ್ತರಲ್ಲೊಂದು ಪಾಲು ಸಾಕು. ಹಳದಿಯ ಫಿಲ್ಟರು ನುಂಗುವ ಬೆಳಕಿಗಾಗಿ ಅದನ್ನು ಮೂರು ಮಡಿ ಮಾಡಿದರೆ ಇಪ್ಪತ್ತರಲ್ಲೊಂದು ಪಾಲು. ದ್ವಾರವನ್ನು ಎಫ್-32ಕ್ಕೆ ಕಿರಿದುಗೊಳಿಸಿದರೆ ಬೆಳಕು ಹದಿನಾರರಲ್ಲೊಂದಕ್ಕೆ ಇಳಿಯುವುದರಿಂದ, ಹೆಚ್ಚುಕಡಮೆ ಒಂದು ಸೆಕೆಂಡು. ಇದು ಯಂತ್ರದ ಕೆಲಸವಲ್ಲ. ಕಾವ್ಯಕ್ಕೆ ಮಮ್ಮಟನು ಹೇಳಿದ ಶಕ್ತಿ, ನಿಪುಣತೆ, ಅಭ್ಯಾಸ ಎಂಬ ಮೂರೂ ಕೂಡಿ ಒಂದೇ ಹೇತುವಾಗುವುದನ್ನು ಇಷ್ಟು ಬಿಡಿಬಿಡಿಯಾಗಿ ತೋರಿಸುವ ಉದಾಹರಣೆಯನ್ನು ನಾನು ಬೇರೆಡೆಯಲ್ಲಿ ಕಂಡಿಲ್ಲ: ರಸ್ತೆಯಲ್ಲಿ ಬಂಡಿ ನಿಲ್ಲಿಸಿದುದು ಶಕ್ತಿ, 250 ಎಂಬ ಅಂಕೆಯು ನಿಪುಣತೆ, ಕತ್ತಲಾಗುವ ಮುನ್ನ ಕೈಗಳು ತಪ್ಪದೆ ನಡೆದುದು ಅಭ್ಯಾಸ.

ಚಂದ್ರನನ್ನು ಏಳನೆಯ ಮೆಟ್ಟಿಲಿನಲ್ಲಿಟ್ಟುದು ಮಾತ್ರ ಲೆಕ್ಕವಲ್ಲ, ಆಯ್ಕೆ. ಇನ್ನೂ ಮೇಲಿಟ್ಟಿದ್ದರೆ ಚಂದ್ರನು ಕಲೆಗಳಿಲ್ಲದ ಬಿಳಿಯ ಬಿಲ್ಲೆಯಾಗುತ್ತಿದ್ದನು. ಕೆಳಗಿಟ್ಟಿದ್ದರೆ ಹಳ್ಳಿಯು ಫಿಲ್ಮಿನ ಮೇಲೆ ಮೂಡುತ್ತಲೇ ಇರಲಿಲ್ಲ. ಎರಡಕ್ಕೂ ಸಲ್ಲುವ ಸ್ಥಾನವನ್ನು ಕಂಡುಕೊಳ್ಳುವುದಕ್ಕೆ ಕ್ಷೇಮೇಂದ್ರನು ಔಚಿತ್ಯವೆಂದು ಹೆಸರಿಟ್ಟನು. ದೊಡ್ಡ ಕ್ಯಾಮೆರಾದ ಸ್ವಭಾವವೂ ಇದಕ್ಕೆ ಒದಗುತ್ತದೆ. ಅದು ಕೈಯಲ್ಲಿ ಹಿಡಿದು ಕಂಡಕಂಡಲ್ಲಿ ಒತ್ತುವ ಸಾಧನವಲ್ಲ. ಕಪ್ಪು ಬಟ್ಟೆಯನ್ನು ತಲೆಯ ಮೇಲೆ ಹೊದೆದು, ಹಿಂದಣ ಮಾಸಲು ಗಾಜಿನ ಮೇಲೆ ತಲೆಕೆಳಗಾಗಿ ಬಿದ್ದ ಬಿಂಬವನ್ನು ನೋಡಿ, ಒಂದು ಸಲಕ್ಕೆ ಒಂದೇ ಹಾಳೆಯನ್ನು ಬೆಳಕಿಗೊಡ್ಡಬೇಕು. ಕೊಳದಲ್ಲಿ ಕಂಡಂತೆ ಚಂದ್ರನು ಕೆಳಗೂ ಶಿಲುಬೆಗಳು ಮೇಲೂ ತೂಗುತ್ತಿರುವ ಆ ಬಿಂಬವನ್ನು ನೋಡುವವನು ಊರನ್ನು ಊರೆಂದು ನೋಡುವುದಿಲ್ಲ; ಎಲ್ಲಿ ಎಷ್ಟು ಬೆಳಕು, ಎಲ್ಲಿ ಎಷ್ಟು ನೆರಳು ಎಂದೇ ನೋಡುತ್ತಾನೆ. ಹಾಳೆಯು ದೊಡ್ಡದಾಗಿರುವುದರಿಂದ ಒಂದೊಂದು ಶಿಲುಬೆಯ ಅಂಚೂ ಚೂಪಾಗಿ ಉಳಿಯುತ್ತದೆ. ಇಷ್ಟರಿಂದ ಪೂರ್ವಪಕ್ಷಕ್ಕೆ ಸಮಾಧಾನವಾಯಿತೆಂದು ಭಾವಿಸಿ ಮುಂದೆ ಹೋಗುತ್ತೇನೆ.

ಈಗ ದಂಡಿಯ ಕಡೆಗೆ ತಿರುಗೋಣ. ಆತನು ಹೇತುವನ್ನು ಕಾರಕವೆಂದೂ ಜ್ಞಾಪಕವೆಂದೂ ಎರಡಾಗಿ ಮಾಡಿ, ನಮ್ಮ ವಾಕ್ಯವನ್ನು ಜ್ಞಾಪಕಕ್ಕೆ ಸೇರಿಸಿದನು. ಮಾಡಿಸುವುದು ಕಾರಕ, ತಿಳಿಯಿಸುವುದು ಜ್ಞಾಪಕ. ಸೂರ್ಯಚಂದ್ರರ ಮತ್ತು ಹಕ್ಕಿಗಳ ಸ್ಥಿತಿಯು ಸಂಜೆಯೆಂಬುದನ್ನು ತಿಳಿಯಿಸುತ್ತದೆ. ಭಾಮಹನ ದೃಷ್ಟಿಗೆ ಇದು ಸಿಕ್ಕಲಿಲ್ಲವೇಕೆ? ಆತನಿಗೆ ವಕ್ರೋಕ್ತಿಯಿಲ್ಲದ ಮಾತು ಮಾತೇ ಅಲ್ಲ; ಹೇತು, ಸೂಕ್ಷ್ಮ, ಲೇಶ ಎಂಬ ಮೂರನ್ನೂ ಅದಕ್ಕಾಗಿಯೇ ಅಲಂಕಾರಗಳ ಪಂಕ್ತಿಯಿಂದ ಎಬ್ಬಿಸಿದನು. ದಂಡಿಯೋ ಆ ಮೂರನ್ನೇ ಮಾತಿನ ಉತ್ತಮಭೂಷಣಗಳೆಂದು ಕರೆದನು. ನಮ್ಮ ಚಿತ್ರದಲ್ಲಿ ಜ್ಞಾಪಕವು ಹೇಗೆ ನಡೆಯುತ್ತದೆಂಬುದನ್ನು ನೋಡಿದರೆ ದಂಡಿಯ ಮಾತಿನ ತೂಕವು ತಿಳಿಯುವುದು.

ಚಿತ್ರದಲ್ಲಿ ಸೂರ್ಯನಿಲ್ಲ. ಹೆಸರಿನಲ್ಲಿಯೂ ಸೂರ್ಯನಿಲ್ಲ, ಚಂದ್ರೋದಯವೊಂದನ್ನೇ ಹೇಳಿದೆ. ಅದೂ ಪೂರ್ತಿ ಸರಿಯಲ್ಲ, ಚಂದ್ರನು ಆಗಲೇ ಉದಯಿಸಿ ಬೆಟ್ಟಗಳಿಂದ ಬಹಳ ಮೇಲಕ್ಕೆ ಏರಿದ್ದಾನೆ. ಕ್ಯಾಮೆರಾ ಪೂರ್ವಕ್ಕೆ ಮುಖಮಾಡಿದೆ. ಸೂರ್ಯನು ನೋಡುವವನ ಬೆನ್ನ ಹಿಂದೆ, ಪಶ್ಚಿಮದಲ್ಲಿ ಇಳಿಯುತ್ತಿದ್ದಾನೆ. ಆತನಿರುವುದನ್ನು ತಿಳಿಯಿಸುವವು ಶಿಲುಬೆಗಳು. ಅವುಗಳ ಮೇಲೆ ಬಿದ್ದಿರುವ ಬಿಳುಪು ಚಂದ್ರನದಲ್ಲ. ಚಂದ್ರನು ಅವುಗಳ ಹಿಂದುಗಡೆ ಇದ್ದಾನೆ, ನಮ್ಮ ಕಡೆಗೆ ತಿರುಗಿದ ಮುಖವನ್ನು ಆತನು ಬೆಳಗಿಸಲಾರನು. ಅಷ್ಟೇ ಅಲ್ಲ: ಚಂದ್ರನ ಕಾಂತಿಯು ಸೂರ್ಯನಿಂದ ಬಂದುದೆಂದು ಆರ್ಯಭಟನ ಕಾಲದಿಂದ ನಮ್ಮ ಜ್ಯೌತಿಷಿಗಳು ಹೇಳುತ್ತ ಬಂದಿರುವರು. ಚಂದ್ರನ ಹೊಳಪು ಇಷ್ಟೇ ಎಂದು ಆಡಮ್ಸರು ಒಂದು ಅಂಕೆಯನ್ನು ನೆನಪಿನಲ್ಲಿಟ್ಟುಕೊಳ್ಳಲು ಸಾಧ್ಯವಾದುದೂ ಆ ದೀಪ ಬದಲಾಗದಿರುವುದರಿಂದಲೇ. ಆದುದರಿಂದ ಆಕಾಶದ ಚಂದ್ರನೂ ಹಳ್ಳಿಯ ಶಿಲುಬೆಗಳೂ, ದೂರದ ಹಿಮವೂ ಮೋಡಗಳೂ, ಚಿತ್ರದ ಹೊರಗಿರುವ ಒಂದೇ ಸೂರ್ಯನಿಂದ ಬೆಳಗುತ್ತಿವೆ. ಕಾಣಿಸದವನೇ ಕಾಣುವುದೆಲ್ಲದರ ಕಾರಣ. ಜ್ಞಾಪಕದ ಹಿಂದೆ ಕಾರಕವೂ ನಿಂತಿರುವ ಇಂಥ ಯೋಗವು ಪದ್ಯಗಳಲ್ಲಿಯೂ ಅಪೂರ್ವ.

ಇದು ಅನುಮಾನವೋ ಧ್ವನಿಯೋ ಎಂಬ ಪ್ರಶ್ನೆಯೇಳುವುದು. ಮಹಿಮಭಟ್ಟನ ಪಕ್ಷದವರು, ಬಿಳುಪಿನಿಂದ ಸೂರ್ಯನನ್ನು ಊಹಿಸುವುದು ಹೊಗೆಯಿಂದ ಬೆಂಕಿಯನ್ನು ಊಹಿಸಿದಂತೆಯೇ, ವ್ಯಂಜನೆಯ ಹೆಸರೇಕೆ, ಎನ್ನುವರು. ಸೂರ್ಯನವರೆಗೆ ಅವರ ಮಾತನ್ನು ಒಪ್ಪಲು ನನಗೆ ಅಡ್ಡಿಯಿಲ್ಲ. ಆದರೆ ಊಹೆಯು ಅಲ್ಲಿಗೆ ನಿಂತರೂ ಚಿತ್ತವು ನಿಲ್ಲುವುದಿಲ್ಲ. ಇಳಿಯುತ್ತಿರುವ ಸೂರ್ಯನು ತನ್ನ ಕೊನೆಯ ಬೆಳಕನ್ನು ಊರಿನ ಮನೆಗಳಿಗಿಂತ ಹೆಚ್ಚಾಗಿ ಊರಿನ ಸತ್ತವರ ಗುರುತುಗಳ ಮೇಲೆ ಚೆಲ್ಲಿದ್ದಾನೆ. ಇನ್ನೊಂದು ಕ್ಷಣದಲ್ಲಿ ಅದೂ ಇರುವುದಿಲ್ಲ. ಮೇಲೆ ಚಂದ್ರನು ಅದೇ ಬೆಳಕನ್ನು ರಾತ್ರಿಗೆ ಉಳಿಸಿಕೊಂಡು ನಿಂತಿದ್ದಾನೆ. ಹೀಗೆ ಮೂಡುವ ಭಾವವನ್ನು ಕರುಣವೆನ್ನಲು ಶೋಕಕ್ಕೆ ಆಲಂಬನವಾದ ವ್ಯಕ್ತಿಯಿಲ್ಲ. ಶಾಂತವೆನ್ನುವುದು ಸಮೀಪ. ಅದಕ್ಕೆ ಯಾವ ವ್ಯಾಪ್ತಿಯೂ ಇಲ್ಲ, ಯಾವ ಹೇತ್ವಾಭಾಸವನ್ನು ತೋರಿಸಿಯೂ ಅದನ್ನು ಖಂಡಿಸಲಾಗದು. ಮಮ್ಮಟನ ಉದಾಹರಣೆಯಲ್ಲಿ ಅರ್ಥವನ್ನು ಬದಲಾಯಿಸುವುದು ವಕ್ತೃ ಬೋದ್ಧವ್ಯರ ವೈಶಿಷ್ಟ್ಯ. ಇಲ್ಲಿ ವಕ್ತೃವೇ ಇಲ್ಲದಿರುವುದರಿಂದ ಆ ಭಾರವೆಲ್ಲ ಬೆಳಕಿನ ತರತಮದ ಮೇಲೆಯೇ ಬಿದ್ದಿದೆ.

ಇಲ್ಲಿಯವರೆಗೆ ಒಂದೇ ಚಿತ್ರವಿದೆಯೆಂಬಂತೆ ಮಾತನಾಡಿದೆನು. ವಸ್ತುತಃ ಹಾಗಿಲ್ಲ, ಗ್ರಂಥಸಂಪಾದನೆಯಲ್ಲಿ ತೊಡಗಿರುವ ವಾಚಕರಿಗೆ ಆಸಕ್ತಿಯನ್ನು ಹುಟ್ಟಿಸಬೇಕಾದ ಸಂಗತಿಯು ಇದೇ.

ಕ್ಯಾಮೆರಾದಿಂದ ಹೊರಬರುವುದು ನೆಗೆಟಿವ್. ಅದರಲ್ಲಿ ಬೆಳಕಿದ್ದಲ್ಲಿ ಕಪ್ಪು, ಕಪ್ಪಿದ್ದಲ್ಲಿ ಬೆಳಕು. ಅದರ ಮೂಲಕ ಮತ್ತೆ ಬೆಳಕನ್ನು ಹಾಯಿಸಿ ಕಾಗದದ ಮೇಲೆ ಪ್ರತಿಯನ್ನು ಇಳಿಸಬೇಕು. ಇಳಿಸುವಾಗ ಕೈಯನ್ನೋ ರಟ್ಟಿನ ತುಂಡನ್ನೋ ಅಡ್ಡ ಹಿಡಿದು, ಒಂದು ಭಾಗಕ್ಕೆ ಬೆಳಕನ್ನು ಕಡಮೆ ಮಾಡಿ ಅದನ್ನು ತಿಳಿಯಾಗಿಸಬಹುದು, ಇನ್ನೊಂದಕ್ಕೆ ಹೆಚ್ಚಾಗಿ ಉಣಿಸಿ ಕಪ್ಪಾಗಿಸಬಹುದು. ತರುಣದಲ್ಲಿ ಪಿಯಾನೊ ವಾದ್ಯವನ್ನು ಅಭ್ಯಾಸಮಾಡಿದ್ದ ಆಡಮ್ಸರು ನೆಗೆಟಿವನ್ನು ಸ್ವರಲಿಪಿಗೂ ಪ್ರತಿಯನ್ನು ಕಚೇರಿಯ ವಾದನಕ್ಕೂ ಹೋಲಿಸುತ್ತಿದ್ದರು. ನನಗೆ ನೆನಪಾಗುವುದು ಓಲೆಗರಿ. ಈ ಒಂದು ನೆಗೆಟಿವಿನಿಂದ ಅವರು ತಮ್ಮ ಜೀವಮಾನದಲ್ಲಿ ಇಳಿಸಿದ ಪ್ರತಿಗಳು 1300ಕ್ಕೂ ಹೆಚ್ಚೆಂದು ಎಣಿಕೆ. ಲಿಪಿಕಾರನೂ ಕವಿಯೂ ಒಬ್ಬನೇ ಆಗಿ, ನಾಲ್ಕು ದಶಕಗಳ ಕಾಲ ಒಂದೇ ಪದ್ಯವನ್ನು ಮತ್ತೆ ಮತ್ತೆ ಬರೆದಂತಾಯಿತು. ಪಾಠಭೇದಗಳು ಹುಟ್ಟದಿರುವುದು ಹೇಗೆ?

1943ನೆಯ ವರ್ಷದ ‘ಯು. ಎಸ್. ಕ್ಯಾಮೆರಾ’ ಎಂಬ ವಾರ್ಷಿಕ ಸಂಪುಟಕ್ಕೆ ಎಡ್ವರ್ಡ್ ಸ್ಟೈಕೆನ್ನರು ಇದನ್ನು ಆಯ್ದುಕೊಂಡಾಗಿನ ಕಾಲದ ಪ್ರತಿಗಳಲ್ಲಿ ಆಕಾಶವು ಬೂದುಗಪ್ಪು; ಮೇಲುಗಡೆಯಲ್ಲಿ ಮಾಸಲಾದ ಮೋಡದ ಎಳೆಗಳು ಹರಿದಿವೆ. ಕೆಳಗಣ ಬಯಲು ನೆಗೆಟಿವಿನಲ್ಲಿ ತೀರ ತೆಳುವಾಗಿದ್ದು, ಅದರಿಂದ ಒಳ್ಳೆಯ ಪ್ರತಿಯನ್ನು ಇಳಿಸುವುದು ಕಷ್ಟವಾಗಿತ್ತು. ಆದುದರಿಂದ 1948ರಲ್ಲಿ ಆಡಮ್ಸರು ನೆಗೆಟಿವಿನ ಕೆಳಭಾಗವನ್ನಷ್ಟೆ ಒಂದು ರಸಾಯನದಲ್ಲಿ ಅದ್ದಿ ಅದರ ಸಾಂದ್ರತೆಯನ್ನು ಏರಿಸಿದರು. ಹಾಗೆ ಮಾಡಿದುದರಿಂದ ಹಳ್ಳಿಯ ಬೆಳಕು–ನೆರಳುಗಳ ಅಂತರವು ಹೆಚ್ಚಿತು. ಮುಂದೆ ವರ್ಷಗಳು ಕಳೆದಂತೆ ಆಕಾಶವು ಪ್ರತಿಯಿಂದ ಪ್ರತಿಗೆ ಕಪ್ಪಾಗುತ್ತ ಬಂದಿತು. 1970ರ ದಶಕದ ಪ್ರತಿಗಳಲ್ಲಿ ಮೇಲಣ ಮೋಡಗಳು ಅಡಗಿಹೋಗಿವೆ, ಆಕಾಶವು ಕಾಡಿಗೆಯಂತಿದೆ, ಅದರಲ್ಲಿ ಚಂದ್ರನೂ, ಕೆಳಗೆ ಶಿಲುಬೆಗಳೂ ಥಳಥಳಿಸುತ್ತಿವೆ. ಗೋಡೆಗಳ ಮೇಲೆಯೂ ಪುಸ್ತಕಗಳ ಹೊದಿಕೆಯ ಮೇಲೆಯೂ ಲೋಕವು ಕಂಡು ಮೆಚ್ಚಿರುವುದು ಹೆಚ್ಚಾಗಿ ಈ ಕಡೆಯ ಪಾಠವನ್ನು.

ಯಾವುದು ಗ್ರಾಹ್ಯ? ಕಡೆಯ ಪಾಠದ ಪಕ್ಷಕ್ಕೆ ಬಲವಾದ ಪ್ರಮಾಣವಿದೆ, ಅದನ್ನು ಮರೆಮಾಡುವುದು ನ್ಯಾಯವಲ್ಲ. ತಾವು ಮೊದಲೇ ಮನಸ್ಸಿನಲ್ಲಿ ಕಂಡದ್ದು ಬಹಳ ಕಪ್ಪಾದ, ಮೋಡಗಳು ಇಲ್ಲವೆನ್ನುವಂತಿರುವ ಆಕಾಶವನ್ನೇ, ಹಿಂದಿನ ಪ್ರತಿಗಳಲ್ಲಿ ಆ ಚೆದರಿದ ಮೋಡಗಳನ್ನು ಉಳಿಯಗೊಟ್ಟಿದ್ದೆನು, ಮೊದಲಿನ ಕಾಣ್ಕೆಗೆ ಸರಿದೂಗುವ ಪ್ರತಿಯು 1970ರ ದಶಕದಲ್ಲಿಯೇ ಕೈಗೂಡಿತು, ಎಂಬ ಅಭಿಪ್ರಾಯವನ್ನು ಆಡಮ್ಸರು 1983ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಬರೆದಿರುವರು. ಕವಿಯೇ ತಿದ್ದಿದ ಕಡೆಯ ಪಾಠ, ಅದೂ ಇದೇ ನನ್ನ ಮೊದಲಿನ ವಿವಕ್ಷೆಯೆಂಬ ಸ್ವಹಸ್ತದ ಸಾಕ್ಷ್ಯದೊಡನೆ. ಸಂಪಾದಕನಿಗೆ ಇದಕ್ಕಿಂತ ಹೆಚ್ಚಿನದೇನು ಬೇಕು?

ಬೇಕಾದುದಿದೆ. ಮೊದಲನೆಯದು: ವಿವಕ್ಷೆಯ ಸ್ಮರಣೆಗೆ ಕಾಲದೂರದ ದೋಷವುಂಟು. ಈ ಚಿತ್ರವನ್ನು ತೆಗೆದ ವರ್ಷವನ್ನೇ ಆಡಮ್ಸರು ಒಮ್ಮೆ 1940, ಒಮ್ಮೆ 1942, ಒಮ್ಮೆ 1944 ಎಂದು ಬೇರೆಬೇರೆಯಾಗಿ ಕೊಟ್ಟಿದ್ದರು. ಅವರು ಟಿಪ್ಪಣಿ ಇಟ್ಟವರಲ್ಲ. ಕಡೆಗೆ ಅದನ್ನು ನಿರ್ಣಯಿಸಿದವರು ಖಗೋಳಜ್ಞರು. ಚಂದ್ರನ ಸ್ಥಾನವನ್ನು ಗಣಿಸಿ ಒಬ್ಬರು 1941ರ ಅಕ್ಟೋಬರ್ 31 ಎಂದರು. ಡೆನಿಸ್ ಡಿ ಚಿಕೊ ಎಂಬವರು ಅದನ್ನು ಮತ್ತೆ ಪರೀಕ್ಷಿಸಿ 1991ರಲ್ಲಿ, 1941ರ ನವೆಂಬರ್ 1, ಸಾಯಂಕಾಲ 4 ಗಂಟೆ 49 ಮಿನಿಟು 20 ಸೆಕೆಂಡು ಎಂದು ಸ್ಥಾಪಿಸಿದರು. ಕವಿಯ ಕಾಲವನ್ನು ಗ್ರಹಸ್ಥಿತಿಯಿಂದ ನಿರ್ಣಯಿಸಹೊರಟ ನಮ್ಮ ಸಂಶೋಧಕರಿಗೆ ಇದನ್ನು ಓದಿ ಅಸೂಯೆಯಾಗಬಹುದು. ವರ್ಷವನ್ನು ಮರೆತವರು ಆಕಾಶದ ಬಣ್ಣವನ್ನು ಮರೆಯಲಾರರೆಂದೇನೂ ಇಲ್ಲ, ಕಲಾವಿದರ ನೆನಪು ಹಾಗಿರಲೂಬಹುದು. ಆದರೆ ಅದನ್ನು ಶಾಸನದಂತೆ ಎತ್ತಿಹಿಡಿಯಲಾಗದು.

ಎರಡನೆಯದು, ಮುಖ್ಯವಾದುದು: ವಿವಕ್ಷೆಯು ಕೃತಿಯಲ್ಲ. ಆ ಗಣಿತದ ಪ್ರಕಾರ ಚಿತ್ರ ತೆಗೆದ ಕ್ಷಣದಲ್ಲಿ ಸೂರ್ಯನು ಇನ್ನೂ ದಿಗಂತದ ಮೇಲೆಯೇ ಇದ್ದನು. ಆಕಾಶವು ನೀಲಿಯಾಗಿತ್ತೇ ಹೊರತು ಕಪ್ಪಾಗಿರಲಿಲ್ಲ. ಹಳದಿಯ ಫಿಲ್ಟರು ನೀಲಿಯನ್ನು ತಡೆದು ಅದನ್ನು ಕಪ್ಪಾಗಿಸಿತು. ಅಷ್ಟರ ಮಟ್ಟಿಗೆ ವಕ್ರತೆಯು ಮೊದಲ ಪ್ರತಿಯಲ್ಲಿಯೂ ಇದ್ದೇ ಇದೆ. ನಾನು ಮೊದಲ ಪಾಠವನ್ನು ಲೋಕದ ಯಥಾವತ್ತಾದ ನಕಲೆಂದು ಹೊಗಳುತ್ತಿಲ್ಲ. ನನ್ನ ಆಕ್ಷೇಪವು ಬೇರೆ. ಬೂದುಗಪ್ಪು ಆಕಾಶದಲ್ಲಿ ಹಗಲಿನ ಶೇಷವಿದೆ. ಅದನ್ನು ನೋಡಿದವನು ‘ಇನ್ನೂ ಬೆಳಕಿದೆ’ ಎಂದುಕೊಂಡು, ಶಿಲುಬೆಗಳ ಬಿಳುಪಿಗೆ ಹಿಂದಿರುವ ಸೂರ್ಯನನ್ನು ಹುಡುಕುತ್ತಾನೆ. ಆಕಾಶವನ್ನು ಮಸಿಯಾಗಿಸಿದ ಪ್ರತಿಯಲ್ಲಿ ಹಗಲು ಉಳಿದಿಲ್ಲ, ಅದು ನಡುರಾತ್ರಿ. ನಡುರಾತ್ರಿಯಲ್ಲಿ ಶಿಲುಬೆಗಳನ್ನು ಬೆಳಗಿದವನಾರು? ಕಣ್ಣೆದುರಿಗೆ ಚಂದ್ರನೊಬ್ಬನೇ ಇದ್ದಾನೆ. ಇದು ಬೆಳದಿಂಗಳಿನಲ್ಲಿ ತೆಗೆದ ಚಿತ್ರವೆಂದು ಎಷ್ಟೋ ಮಂದಿ ನಂಬಿರುವುದು ಈ ಕಾರಣದಿಂದಲೇ. ಅಂದರೆ ಕಾಲದ ಅವಸ್ಥೆಯನ್ನು ಅರುಹಬೇಕಾದ ಜ್ಞಾಪಕವು ತಪ್ಪು ಕಾಲವನ್ನು ಅರುಹುತ್ತಿದೆ. ಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ ಹೇತುವು ಕೆಟ್ಟು ಭ್ರಾಂತಿಯು ಹುಟ್ಟಿತು. ಆದರೆ ಭ್ರಾಂತಿಮದಲಂಕಾರದಲ್ಲಿರುವಂತೆ ಭ್ರಾಂತಿಯೆಂದು ಸಹೃದಯನಿಗೆ ತಿಳಿದಿರುವ ಭ್ರಾಂತಿಯಲ್ಲ ಇದು, ಸಹೃದಯನೇ ಸಿಕ್ಕಿಬೀಳುವ ಭ್ರಾಂತಿ.

ಅದರೊಡನೆ ರಸವೂ ಬೇರೆಯಾಯಿತು. ಮೊದಲ ಪಾಠದಲ್ಲಿ ಬೆಳಕು ಈಗಷ್ಟೆ ಆರಲಿದೆ. ಎರಡನೆಯ ಫಿಲ್ಮಿಗೆ ಸಿಕ್ಕದೆ ಹೋದ ಆ ಬೆಳಕಿನ ಅಲ್ಪಾಯುಷ್ಯವು ಚಿತ್ರದೊಳಗೇ ಇದೆ. ಕಡೆಯ ಪಾಠದಲ್ಲಿ ಬೆಳಕು ಆರುವುದಿಲ್ಲ, ಎಂದೆಂದಿಗೂ ಹೀಗೆಯೇ ಹೊಳೆಯುತ್ತಿರುವಂತಿದೆ. ಅಲ್ಲಿ ಸ್ಥಾಯಿಯು ವಿಸ್ಮಯ, ರಸವು ಅದ್ಭುತ. ಅದ್ಭುತವು ಕೀಳು ರಸವೆಂದು ಯಾರೂ ಹೇಳಿಲ್ಲ. ಎಲ್ಲ ರಸಗಳ ಸಾರವೂ ಚಮತ್ಕಾರವೇ ಆದುದರಿಂದ ಎಲ್ಲೆಲ್ಲಿಯೂ ಅದ್ಭುತವೇ ರಸವೆಂಬ ನಾರಾಯಣಪಂಡಿತನ ಮತವನ್ನು ವಿಶ್ವನಾಥನು ಸಾಹಿತ್ಯದರ್ಪಣದಲ್ಲಿ ಎತ್ತಿ ಹೇಳಿದ್ದಾನೆ. ಕಡೆಯ ಪ್ರತಿಯ ಮುಂದೆ ನಿಂತವರು ಮಾತು ಕಳೆದುಕೊಂಡರೆ ಅವರನ್ನು ಅರಸಿಕರೆನ್ನಲಾಗದು. ನಾನು ಹೇಳುವುದಿಷ್ಟೆ: ಇದು ಆ ಕೃತಿಯ ಶುದ್ಧಪಾಠವಲ್ಲ, ಅದೇ ಕವಿಯು ಅದೇ ಪದಗಳಿಂದ ಕಟ್ಟಿದ ಇನ್ನೊಂದು ಕೃತಿ. ಇವೆರಡರಲ್ಲಿ ಒಂದನ್ನು ಇಟ್ಟುಕೊಳ್ಳೆಂದರೆ ನಾನು ಮಾಸಲು ಮೋಡಗಳಿರುವುದನ್ನು ಇಟ್ಟುಕೊಳ್ಳುವೆನು. ಆ ಮೋಡಗಳು ಚಿತ್ರಕ್ಕೆ ಅಂದವನ್ನು ಕೊಡುವುದಿಲ್ಲವೆಂಬುದು ನಿಜ. ಸಂಜೆಯ ಆಕಾಶವು ಅಂದವಾಗಿರಬೇಕೆಂಬ ನಿಯಮವೂ ಇಲ್ಲ.

ಇಲ್ಲೊಂದು ಸೂಕ್ಷ್ಮವಿದೆ. ಸ್ವಭಾವವೇ ಅಲಂಕಾರವಾದರೆ ಅಲಂಕಾರ್ಯವಾವುದು ಎಂದು ಕುಂತಕನು ದಂಡಿಯ ಪಕ್ಷದವರನ್ನು ಕೇಳಿದನು. ಶರೀರವೇ ಒಡವೆಯಾದರೆ ಅದನ್ನು ತೊಡುವವರು ಯಾರೆಂಬುದು ಆತನ ಆಕ್ಷೇಪದ ತಿರುಳು. ಈ ಆಕ್ಷೇಪಕ್ಕೆ ಪದ್ಯಗಳಲ್ಲಿ ಉತ್ತರ ಕೊಡುವುದು ಕಠಿನ. ನಮ್ಮ ಚಿತ್ರದಲ್ಲಿ ಅದಕ್ಕೊಂದು ದಾರಿ ಕಾಣುತ್ತದೆ. ಹಳ್ಳಿಯು ಅಲಂಕಾರ್ಯ, ಬೆಳಕು ಅಲಂಕಾರ. ಹಗಲು ಹನ್ನೆರಡು ಗಂಟೆಗೆ ಅದೇ ಶಿಲುಬೆಗಳು ಅಲ್ಲಿಯೇ ಇದ್ದವು, ಯಾರೂ ಬಂಡಿಯನ್ನು ನಿಲ್ಲಿಸುತ್ತಿರಲಿಲ್ಲ. ಬೆಳಕೂ ಸ್ವಭಾವದ್ದೇ, ಹಳ್ಳಿಯೂ ಸ್ವಭಾವದ್ದೇ; ಆದರೆ ಒಂದು ಬಂದು ಹೋಗುವುದು, ಇನ್ನೊಂದು ಇದ್ದೇ ಇರುವುದು. ಆಗಂತುಕವಾದ ಸ್ವಭಾವವು ಸ್ಥಿರವಾದ ಸ್ವಭಾವಕ್ಕೆ ಒಡವೆಯಾಗಬಹುದೆಂದು ದಂಡಿಯ ಪರವಾಗಿ ಹೇಳಿದರೆ ಕುಂತಕನು ಏನೆನ್ನುತ್ತಿದ್ದನೋ ನಾನರಿಯೆನು. ಕಡೆಯ ಪಾಠಕ್ಕೆ ಈ ಸಮರ್ಥನೆಯೂ ಒದಗುವುದಿಲ್ಲವೆಂಬುದನ್ನು ಗಮನಿಸಬೇಕು. ಅಲ್ಲಿನ ಕಪ್ಪು ಬಂದು ಹೋಗುವುದಲ್ಲ, ಕತ್ತಲೆಕೋಣೆಯಲ್ಲಿ ಬಳಿದುದು.

ಪ್ರಕಟನೆಯ ವಿಷಯದಲ್ಲಿ ಒಂದು ಮಾತು. ಈ ಚಿತ್ರವನ್ನು ಅಚ್ಚುಹಾಕುವ ಎಷ್ಟೋ ಪುಸ್ತಕಗಳು ಅದರ ಕೆಳಗೆ 1941 ಎಂದು ಮಾತ್ರ ಬರೆದು, ಆ ಪ್ರತಿಯನ್ನು ಇಳಿಸಿದ ವರ್ಷವನ್ನು ಹೇಳುವುದೇ ಇಲ್ಲ. ಹನ್ನೆರಡನೆಯ ಶತಮಾನದ ಗ್ರಂಥವೆಂದು ಹೇಳಿ ಹತ್ತೊಂಬತ್ತನೆಯ ಶತಮಾನದ ಓಲೆಯ ಪಾಠವನ್ನು ಅಡಿಟಿಪ್ಪಣಿಯಿಲ್ಲದೆ ಮುದ್ರಿಸಿದರೆ ಈ ಪತ್ರಿಕೆಯ ವಾಚಕರು ಸುಮ್ಮನಿರುವರೆ? ತರಗತಿಯಲ್ಲಿ ಸ್ವಭಾವೋಕ್ತಿಯನ್ನೋ ಹೇತುವನ್ನೋ ಹೇಳುವ ಅಧ್ಯಾಪಕರು 1940ರ ದಶಕದ ಒಂದು ಪ್ರತಿಯ ಅಚ್ಚನ್ನೂ 1970ರ ದಶಕದ ಒಂದು ಪ್ರತಿಯ ಅಚ್ಚನ್ನೂ ಸಂಪಾದಿಸಿ ಪಕ್ಕಪಕ್ಕದಲ್ಲಿಟ್ಟು, ಹೆಸರನ್ನು ಹೇಳದೆ, ಇದು ಎಷ್ಟು ಹೊತ್ತಿನ ಚಿತ್ರವೆಂದು ವಿದ್ಯಾರ್ಥಿಗಳನ್ನು ಕೇಳಿನೋಡಬಹುದು. ನೆಗೆಟಿವಿನ ಮೂಲಸ್ಥಿತಿಯನ್ನು ಈಗ ನೋಡಲು ಸಾಧ್ಯವಿಲ್ಲ. 1948ರ ರಸಾಯನವು ಅದನ್ನು ಬದಲಾಯಿಸಿಬಿಟ್ಟಿದೆ, ಕವಿಯು ತನ್ನ ಮೊದಲ ಓಲೆಯ ಅಕ್ಷರಗಳ ಮೇಲೆಯೇ ಮತ್ತೆ ಕಂಠವನ್ನು ಎಳೆದಂತೆ. ಆ ವರ್ಷಕ್ಕೆ ಮೊದಲು ಇಳಿಸಿದ ವಿರಳವಾದ ಪ್ರತಿಗಳೇ ಮೊದಲ ಪಾಠಕ್ಕೆ ಉಳಿದಿರುವ ಸಾಕ್ಷಿಗಳು; ಪಾಠಭೇದಗಳನ್ನು ಗುರುತಿಸಹೊರಟವರು ಅವುಗಳಿಂದ ಮೊದಲುಮಾಡಬೇಕು.